ಹೊಟ್ಟೆನೋವಿನ ಹಿಂದೆ ಕೇಳಬೇಕಾದ ಪ್ರಶ್ನೆ

ಹಾಸನ ಜಿಲ್ಲೆಯ ಸಕಲೇಶಪುರ ಸುತ್ತಮುತ್ತಲ ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆ ಕಡೆಯ ಹದಿಹರೆಯದವರು ಸರ್ಕಾರಿ ಆಸ್ಪತ್ರೆಗೆ ಬರುವುದು ತಲೆನೋವು, ಹೊಟ್ಟೆನೋವು, ಸುಸ್ತು ಎಂದೇ. ಬದುಕು ಬೇಡವೆನಿಸಿದೆ ಎಂದು ಯಾವ ಮಗುವೂ ಚೀಟಿ ಮಾಡಿಸುವುದಿಲ್ಲ. ಪಕ್ಕದಲ್ಲಿ ಅಮ್ಮನೋ ಚಿಕ್ಕಪ್ಪನೋ ನಿಂತಿರುತ್ತಾರೆ. ಆನೆಗಳು ರಸ್ತೆಗಿಳಿಯುವ ಮೊದಲು ಬಸ್ಸು ಹಿಡಿದು ತೋಟದ ಲೈನ್ ಮನೆ ಸೇರುವ ಅವಸರ ಬೇರೆ. ಮಾತ್ರೆ ಬರೆದು ಕಳಿಸುವ ಆ ಐದು ನಿಮಿಷದಲ್ಲೇ ಸಾವಿನ ಯೋಚನೆಯ ಬಗ್ಗೆ ಕೇಳಬಹುದೇ?

ಕೇಳಬಾರದು ಎಂಬ ಭಯ ಬಹಳ ಕಾಲ ವೈದ್ಯರಲ್ಲೂ ಇತ್ತು. ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಅಳುಕು. ಈ ಅಳುಕನ್ನೇ ಪರೀಕ್ಷಿಸಲು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ಸಂಶೋಧಕಿ ಮ್ಯಾಡಲಿನ್ ಗೌಲ್ಡ್ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ, ಸಾಯುವ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಮೊದಲೇ ಖಿನ್ನರಾಗಿದ್ದ ಮಕ್ಕಳಿಗೂ ಅದರಿಂದ ಹಾನಿಯಾಗಿರಲಿಲ್ಲ.

ಮಕ್ಕಳ ಆಸ್ಪತ್ರೆಗೆ ಹೊಂದುವ ಪ್ರಶ್ನೆಗಳನ್ನು ರೂಪಿಸಿದ್ದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಲೀಸಾ ಹೊರೊವಿಟ್ಜ್ ಮತ್ತು ಸಂಗಡಿಗರು. ಮೂರು ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 10ರಿಂದ 21 ವರ್ಷದವರಿಗೆ ಹದಿನೇಳು ಪ್ರಶ್ನೆ ಕೇಳಿ, ಜರಡಿ ಹಿಡಿದು ನಾಲ್ಕನ್ನು ಉಳಿಸಿಕೊಂಡರು. ಅದು ‘ಆಸ್ಕ್’ ಎಂಬ ಹೆಸರಿನಲ್ಲಿ 2012ರಲ್ಲಿ ಪ್ರಕಟವಾಯಿತು. ಸತ್ತರೆ ಚೆನ್ನಾಗಿತ್ತು ಅನಿಸಿತ್ತೇ, ನೀನಿಲ್ಲದಿದ್ದರೆ ಮನೆಯವರಿಗೆ ಒಳ್ಳೆಯದು ಅನಿಸಿತ್ತೇ, ಈ ವಾರ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂತೇ, ಹಿಂದೆ ಪ್ರಯತ್ನಿಸಿದ್ದೀಯಾ ಎಂಬ ನಾಲ್ಕು ನೇರ ಮಾತು. ದಾದಿಯೊಬ್ಬರು ಅರ್ಧ ನಿಮಿಷದೊಳಗೆ ಕೇಳಿ ಮುಗಿಸಬಹುದು. ಒಂದಕ್ಕೆ ಹೌದು ಎಂದರೂ ಈ ಕ್ಷಣವೂ ಆ ಯೋಚನೆ ಇದೆಯೇ ಎಂದು ಐದನೆಯದನ್ನು ಕೇಳಬೇಕು. 2022ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 12 ತುಂಬಿದವರೆಲ್ಲರಿಗೂ ಇಂಥ ತಪಾಸಣೆ ಆಗಬೇಕೆಂದಿತು.

ಕೇಳಿದ ಮೇಲೆ ಮಗುವನ್ನು ಎಲ್ಲಿಗೆ ಕಳಿಸುವುದು? ಈ ತೊಡಕಿಗೆ ನಮ್ಮ ರಾಜ್ಯ ಮೊದಲೇ ದಾರಿ ಹುಡುಕಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನೋರೋಗಿಗಳನ್ನು ನೋಡಿಕೊಳ್ಳಬಲ್ಲರು ಎಂಬುದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆಮೇಲೆ ಬಂದ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ಮನೋವೈದ್ಯರನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಕರೆತಂದಿತು. ಹಾಸನ ಸುಮಾರು 40 ಕಿಲೋಮೀಟರ್ ದೂರವಿರುವ ಸಕಲೇಶಪುರದಲ್ಲಿ ಇದರ ಬೆಲೆ ದೊಡ್ಡದು. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗಲಾಗದ ತಾಯಿಯೂ ಮಗಳನ್ನು ಇಲ್ಲಿನ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆಗೆ ಕರೆತರಬಲ್ಲಳು.

ಮಕ್ಕಳನ್ನು ತಲುಪಲು ಇನ್ನೆರಡು ಬಾಗಿಲುಗಳಿವೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೇ ಹೋಗುತ್ತವೆ. ಹದಿಹರೆಯದವರ ತಪಾಸಣಾ ಪಟ್ಟಿಯಲ್ಲಿ ಖಿನ್ನತೆಗೂ ಜಾಗವಿದೆ. 2014ರ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗಾಗಿ ‘ಸ್ನೇಹಾ ಕ್ಲಿನಿಕ್’ಗಳಿವೆ. ಖಿನ್ನತೆಯ ಬಗ್ಗೆ ಕೇಳುವವರು ಇನ್ನೊಂದು ಹೆಜ್ಜೆ ಮುಂದಿಟ್ಟು ಸಾವಿನ ಯೋಚನೆಯನ್ನೂ ನೇರವಾಗಿ ಕೇಳಬೇಕೆಂಬುದು ನನ್ನ ಒತ್ತಾಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳೇ 13,044. ಇವರಲ್ಲಿ ಎಷ್ಟು ಮಕ್ಕಳು ಯಾವುದೋ ನೋವಿಗೆಂದು ವೈದ್ಯರ ಎದುರು ಕೂತು ಎದ್ದು ಹೋಗಿದ್ದರೋ ಎಂದು ನೆನೆದರೆ ಎದೆ ಭಾರವಾಗುತ್ತದೆ.

ಕೇಳುವಾಗ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ಮಗು ಹೌದು ಎಂದರೆ ಒಂಟಿಯಾಗಿ ಬಿಡದೆ, ಆ ದಿನವೇ ಮುಂದಿನ ಏರ್ಪಾಡು ಮಾಡಿ, ಮನೆಯವರನ್ನು ಕರೆದು ತೋಟದ ಔಷಧಿಗಳನ್ನು ಬೀಗದೊಳಗಿಡಲು ಹೇಳಬೇಕು. ಪೊಲೀಸ್ ಕೇಸಾದೀತೆಂದು ಹಿಂಜರಿಯುವ ಪೋಷಕರಿಗೂ ಒಂದು ಮಾತು: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತದೆ. ಮಕ್ಕಳೂ ಕರೆ ಮಾಡಬಹುದು, ಅವರ ಬಗ್ಗೆ ಆತಂಕವಿರುವ ಅಪ್ಪ ಅಮ್ಮಂದಿರೂ ಮೇಷ್ಟರೂ ಮಾಡಬಹುದು.