ಲಿಂಕನ್ ಅಪ್ಪನ ಜಮೀನಿನ ಕಾಗದಗಳು

ಅಬ್ರಹಾಂ ಲಿಂಕನ್ನನ ಅಪ್ಪ ತಾಮಸ್ ಸೋಮಾರಿ, ಒಂದು ಕಡೆ ನೆಲೆ ನಿಲ್ಲದ ಅಲೆಮಾರಿ ಎಂದೇ ನಾವೆಲ್ಲ ಓದಿಕೊಂಡು ಬಂದದ್ದು. ಈ ಮಾತಿಗೆ ಹೆಚ್ಚು ಬಲ ಬಂದದ್ದು ಲಿಂಕನ್ನನ ವಕೀಲಿ ಪಾಲುದಾರ ವಿಲಿಯಂ ಹರ್ನ್‌ಡನ್ ಬರೆದ ಜೀವನಚರಿತ್ರೆಯಿಂದ. ಮಗ ಎತ್ತರವಾಗಿ ಕಾಣಬೇಕಾದರೆ ಅಪ್ಪನನ್ನು ಕುಳ್ಳ ಮಾಡಬೇಕೇನೋ. ನಾನು ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಬದುಕಿದವನು. ಒಬ್ಬ ರೈತನ ಬಗ್ಗೆ ಊರವರು ಏನೇ ಹೇಳಲಿ, ಮೊದಲು ಕಾಗದ ತೆಗೆಯಿರಿ ಅನ್ನುವುದು ನನ್ನ ಅಭ್ಯಾಸ. ಮಗಳ ಮನೆ ಕೆಂಟಕಿಯ ಲೂಯಿವಿಲ್‌ನಲ್ಲಿ; ಅಲ್ಲಿಂದ ತಾಮಸ್‌ನ ಹಳೆಯ ಜಮೀನುಗಳೇನೂ ದೂರವಲ್ಲ. ಅಲ್ಲಿಗೆ ಹೋದಾಗ ನೆಲವನ್ನೂ ನೋಡಿದೆ, ಅದರ ಕಾಗದಗಳ ಬಗ್ಗೆಯೂ ಓದಿದೆ. ನನಗೆ ಕಂಡ ತಾಮಸ್ ಬೇರೆಯೇ.

ಈ ವಂಶದಲ್ಲಿ ಮೊದಲು ಕಡಲು ದಾಟಿದವನು ಸ್ಯಾಮ್ಯುಯೆಲ್ ಲಿಂಕನ್. ನೇಯ್ಗೆ ಕಲಿಯುತ್ತಿದ್ದ ಹುಡುಗ, 1637ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದ. ಆಮೇಲಿನ ತಲೆಮಾರುಗಳು ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವರ್ಜೀನಿಯಾ ಎಂದು ಸರಿಯುತ್ತ ಹೋದವು. 1778ರಲ್ಲಿ ತಾಮಸ್ ಹುಟ್ಟಿದ್ದು ವರ್ಜೀನಿಯಾದಲ್ಲಿ. ಇವನಪ್ಪ, ಅಂದರೆ ಅಧ್ಯಕ್ಷನ ಅಜ್ಜ, ಅವನ ಹೆಸರೂ ಅಬ್ರಹಾಂ. ಒಳ್ಳೆಯ ಜಮೀನು ಮಾರಿ ಹೆಂಡತಿ ಮಕ್ಕಳೊಂದಿಗೆ ಬೆಟ್ಟ ಹತ್ತಿಳಿದು ಕೆಂಟಕಿ ಸೇರಿದ.

1786ರಲ್ಲಿ ಒಂದು ದಿನ ಅವನು ಮೂವರು ಗಂಡುಮಕ್ಕಳೊಂದಿಗೆ ಹೊಲದಲ್ಲಿದ್ದಾಗ ಕಾಡಿನಂಚಿನಿಂದ ಗುಂಡು ಬಂತು. ಅಪ್ಪ ಅಲ್ಲೇ ಬಿದ್ದ. ನಡುವಿನ ಮಗ ನೆರವಿಗೆ ಕೋಟೆಯ ಕಡೆ ಓಡಿದ, ಹಿರಿಯ ಮಾರ್ಡಕೈ ಬಂದೂಕಿಗಾಗಿ ಮನೆಯೊಳಗೆ ಓಡಿದ. ಎಂಟು ವರ್ಷದ ತಾಮಸ್ ಹೆಣದ ಪಕ್ಕ ಉಳಿದ. ಗುಂಡು ಹಾರಿಸಿದ ಮೂಲನಿವಾಸಿ ಇಂಡಿಯನ್ ಅವನ ಕಡೆ ಬರುತ್ತಿದ್ದಂತೆ ಮಾರ್ಡಕೈ ಮನೆಯಿಂದಲೇ ಗುರಿಯಿಟ್ಟು ಹೊಡೆದ. ಈ ಕಥೆಯನ್ನು ತಾಮಸ್ ಮಕ್ಕಳಿಗೆ ಹೇಳುತ್ತಿದ್ದ. ತನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಿಂತ ಕಥೆ ಇದೇ ಎಂದು ಮಗ ಮುಂದೆ ಬರೆದ. ಲಿಂಕನ್ನರು ಹೊಲ ಎಂದುಕೊಂಡದ್ದು ಶಾನೀ ಮೊದಲಾದ ಜನರ ಬೇಟೆಯ ಕಾಡು. ಜಮೀನಿನ ಕಾಗದಗಳಲ್ಲಿ ಅವರ ಹೆಸರಿಗೆ ಒಂದು ಕಲಮೂ ಇರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಸತ್ತವನ ಹೆಸರಿನಲ್ಲಿ ಐದು ಸಾವಿರ ಎಕರೆಗೂ ಮೇಲೆ ಜಮೀನಿತ್ತು. ತಾಮಸ್‌ಗೆ ಬಂದದ್ದು ಸೊನ್ನೆ. ಆಗ ಕೆಂಟಕಿ ವರ್ಜೀನಿಯಾದ ಭಾಗ. ಉಯಿಲು ಬರೆಯದೆ ಸತ್ತವನ ನೆಲವೆಲ್ಲ ಹಿರಿಯ ಮಗನಿಗೆ ಸೇರಬೇಕೆಂಬ ಕಾನೂನಿತ್ತು. ಅದನ್ನು ತೆಗೆದುಹಾಕುವ ಮಸೂದೆ ಆಗಲೇ ಪಾಸಾಗಿತ್ತು, ಆದರೆ ಜಾರಿಗೆ ಬರುವ ದಿನ 1787ರ ಜನವರಿ 1. ಅಪ್ಪ ಮುಂದಿನ ವರ್ಷದವರೆಗೆ ಬದುಕಿದ್ದರೆ ತಾಮಸ್ ಜಮೀನ್ದಾರನ ಮಗನಾಗಿ ಬೆಳೆಯುತ್ತಿದ್ದ. ಈಗ ಕೂಲಿ ಹುಡುಗನಾಗಿ ಊರೂರು ಸುತ್ತಿದ. ಓದು ಬರಹ ಬರಲಿಲ್ಲ, ಕಷ್ಟಪಟ್ಟು ಹೆಸರು ಗೀಚುತ್ತಿದ್ದ ಅಷ್ಟೆ. ಮರಗೆಲಸ ಮಾತ್ರ ಕೈಗೆ ಹತ್ತಿತು.

ಕೂಲಿಯಲ್ಲಿ ಉಳಿಸಿದ ದುಡ್ಡಿನಿಂದ 1803ರಲ್ಲಿ ಮಿಲ್ ಕ್ರೀಕ್ ಎಂಬಲ್ಲಿ 238 ಎಕರೆಯನ್ನು 118 ಪೌಂಡಿಗೆ ಕೊಂಡ. ಅಪ್ಪನಿಲ್ಲದ, ಇಪ್ಪತ್ತೈದರ ಅನಕ್ಷರಸ್ಥ! ಸೋಮಾರಿಯ ಲಕ್ಷಣವೇ ಇದು? 1806ರಲ್ಲಿ ನ್ಯಾನ್ಸಿ ಹ್ಯಾಂಕ್ಸ್ ಜೊತೆ ಮದುವೆಯಾಯಿತು. 1808ರ ಕೊನೆಯಲ್ಲಿ ಸಿಂಕಿಂಗ್ ಸ್ಪ್ರಿಂಗ್ ಎಂಬ ಜಮೀನನ್ನು 200 ಡಾಲರ್ ಕೊಟ್ಟು ತೆಗೆದುಕೊಂಡ. 1809ರ ಫೆಬ್ರವರಿ 12ರಂದು ಮಗ ಅಬ್ರಹಾಂ ಹುಟ್ಟಿದ್ದು ಅಲ್ಲಿಯ ಒಂದೇ ಕೋಣೆಯ ಮರದ ಮನೆಯಲ್ಲಿ. ಈಗ ಅಲ್ಲಿ 56 ಮೆಟ್ಟಿಲಿನ ಸ್ಮಾರಕ ಕಟ್ಟಿ ಒಳಗೊಂದು ಮರದ ಮನೆ ಇಟ್ಟಿದ್ದಾರೆ. ದಿಮ್ಮಿಗಳ ಉಂಗುರ ಎಣಿಸಿ ನೋಡಿದರೆ ಅತಿ ಹಳೆಯದೇ 1848ರದ್ದು. ಮನೆ ಹುಸಿಯಾದರೇನು, ನೆಲದಡಿಯ ಸುಣ್ಣಕಲ್ಲಿನ ಗುಂಡಿಯಲ್ಲಿ ನೀರಿನ ಊಟೆ ಇನ್ನೂ ತೊಟ್ಟಿಕ್ಕುತ್ತಿದೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲೇ.

ಇನ್ನು ನನ್ನ ಕಸುಬಿನ ವಿಷಯ. ಕೆಂಟಕಿಯಲ್ಲಿ ಸರ್ಕಾರ ಅಳೆದು ಮಾರಲಿಲ್ಲ, ಮಾರಿ ಅಳೆಸಿತು. ವಾರಂಟ್ ಎಂಬ ಚೀಟಿ ಕೊಂಡವನು ಬೇಕಾದ ಕಡೆ ಹೋಗಿ ತಾನೇ ಅಳತೆ ಮಾಡಿಸಿಕೊಳ್ಳಬೇಕು. ಚಕ್ಕುಬಂದಿ ಬರೆಯುತ್ತಿದ್ದ ರೀತಿ ಹೇಗೆಂದರೆ, ತೊರೆ ದಂಡೆಯ ಓಕ್ ಮರದಿಂದ ಹೊರಟು, ಇಂಥ ದಿಕ್ಕಿಗೆ ಇಷ್ಟು ಪೋಲ್ ದೂರ ಹೋಗಿ, ಕೊಡಲಿ ಗುರುತಿನ ಬೀಚ್ ಮರ ಮುಟ್ಟಿ, ಅಲ್ಲಿಂದ ಬಂಡೆಗೆ ತಿರುಗಿ ಹೊರಟಲ್ಲಿಗೆ ಬರುವುದು. ಮರ ಒಲೆ ಸೇರಿದರೆ ಬಾಂದೂ ಒಲೆ ಸೇರಿದ ಹಾಗೆ. ಒಂದೇ ನೆಲಕ್ಕೆ ಮೂರು ನಾಲ್ಕು ಜನರ ಚೀಟಿ ಒಂದರ ಮೇಲೊಂದು ಬಿದ್ದಿರುತ್ತಿತ್ತು. ಫಾಯಿದೆ ಆದದ್ದು ವಕೀಲರಿಗೆ.

ತಾಮಸ್‌ನ ಮೂರೂ ಜಮೀನು ಇದರಲ್ಲೇ ಸಿಕ್ಕಿಕೊಂಡವು. ಮಿಲ್ ಕ್ರೀಕ್‌ನ ಅಳತೆ ತಪ್ಪೆಂದು ಗೊತ್ತಾಗಿ 238 ಎಕರೆಯನ್ನು 200 ಎಂದು ಬರೆದುಕೊಟ್ಟು 18 ಪೌಂಡ್ ನಷ್ಟಕ್ಕೆ ಮಾರಿದ. ಸಿಂಕಿಂಗ್ ಸ್ಪ್ರಿಂಗ್‌ಗೆ ಹಿಂದಿನ ಮಾಲೀಕನೊಬ್ಬ ಬಾಕಿ ಬರಬೇಕೆಂದು ದಾವೆ ಹೂಡಿದ; ಅದೂ ಹೋಯಿತು. 1811ರಲ್ಲಿ ನಾಬ್ ಕ್ರೀಕ್ ಕಣಿವೆಯಲ್ಲಿ ಗುತ್ತಿಗೆಗೆ ಹಿಡಿದ ನೆಲದಿಂದಲೂ ಎಬ್ಬಿಸಬೇಕೆಂದು ಫಿಲಡೆಲ್ಫಿಯಾದ ವಾರಸುದಾರರು ಕೋರ್ಟಿಗೆ ಹೋದರು. ಇಷ್ಟಾದರೂ 1814ರ ತೆರಿಗೆ ಪಟ್ಟಿಯಲ್ಲಿ ಆ ಭಾಗದ 98 ಆಸ್ತಿವಂತರ ಪೈಕಿ ತಾಮಸ್‌ನದು 15ನೇ ಸ್ಥಾನ. ಲೂಯಿ ವಾರೆನ್ ಎಂಬ ಸಂಶೋಧಕ 1920ರ ದಶಕದಲ್ಲಿ ಇಂಥ ಕಚೇರಿ ದಾಖಲೆಗಳನ್ನು ಕೆದಕಿ ತೆಗೆದ ಮೇಲೆಯೇ ಸೋಮಾರಿ ಎಂಬ ಮಾತಿನ ಸದ್ದು ತಗ್ಗಿತು.

ಅಬ್ರಹಾಂಗೆ ನೆನಪಿದ್ದ ಮೊದಲ ಮನೆ ನಾಬ್ ಕ್ರೀಕ್‌ನದು. ದೊಡ್ಡವರು ಮುಸುಕಿನ ಜೋಳ ಹಾಕುವಾಗ ಪುಟ್ಟ ಹುಡುಗ ಹಿಂದಿನಿಂದ ಅಕ್ಕಡಿಗೆ ಕುಂಬಳದ ಬೀಜ ಹಾಕಿದ: ಸಾಲು ಬಿಟ್ಟು ಸಾಲಿಗೆ, ಗುಣಿ ಬಿಟ್ಟು ಗುಣಿಗೆ, ಎರಡೆರಡು. ಮರುದಿನ ಕಣಿವೆಯಲ್ಲಿ ಒಂದು ಹನಿ ಇಲ್ಲ, ಮೇಲೆ ಗುಡ್ಡದಲ್ಲಿ ಧೋ ಎಂದು ಮಳೆ. ಇಳಿದು ಬಂದ ನೀರು ಜೋಳ, ಕುಂಬಳ, ಮೇಲ್ಮಣ್ಣು ಎಲ್ಲವನ್ನೂ ಬಳಿದುಕೊಂಡು ಹೋಯಿತು.

1816ರ ಚಳಿಗಾಲದಲ್ಲಿ ಸಂಸಾರ ಒಹಾಯೊ ನದಿ ದಾಟಿ ಇಂಡಿಯಾನಾ ಸೇರಿತು. ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಡಕು ಎಂದು ಮಗನೇ ಬರೆದಿದ್ದಾನೆ. ಇಂಡಿಯಾನಾದಲ್ಲಿ ಸರ್ಕಾರ ಮೊದಲು ಅಳೆದು ಆಮೇಲೆ ಮಾರುತ್ತಿತ್ತು. 6 ಮೈಲಿ ಚೌಕದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ಅಳತೆ 66 ಅಡಿಯ ಗಂಟರ್ ಸರಪಳಿಯದು. ನಾನು ಎಳೆದ 33 ಅಡಿ ಸರಪಳಿ ಅದರ ಅರ್ಧ. ಇಂಡಿಯಾನಾದ ಹಳೆಯ ಸರ್ವೆ ನಕ್ಷೆ ನನಗೆ ಯಾರ ಸಹಾಯವೂ ಇಲ್ಲದೆ ಅರ್ಥವಾಯಿತು. ತಾಮಸ್ ಎಕರೆಗೆ 2 ಡಾಲರಿನಂತೆ 160 ಎಕರೆಗೆ ಮುಂಗಡ ಕಟ್ಟಿದ. ಕಂತು ತೀರಿಸಲಾಗದೆ ಅರ್ಧ ಬಿಟ್ಟುಕೊಟ್ಟು, 1827ರಲ್ಲಿ 80 ಎಕರೆಗೆ ಹಕ್ಕುಪತ್ರ ಪಡೆದ. ಯಾರೂ ಪ್ರಶ್ನಿಸಲಾಗದ ನೆಲ ಕೊನೆಗೂ ಸಿಕ್ಕಿತು.

ಆದರೆ ನ್ಯಾನ್ಸಿ ಅದನ್ನು ನೋಡಲಿಲ್ಲ. 1818ರ ಅಕ್ಟೋಬರ್ 5ರಂದು ಆಕೆಯನ್ನು ಹಾಲಿನ ಕಾಯಿಲೆ ಕೊಂಡೊಯ್ದಿತ್ತು. ಮೇವು ಒಣಗಿದಾಗ ಹಸುಗಳು ಕಾಡಿನ ನೆರಳಲ್ಲಿ ಬೆಳೆಯುವ ಬಿಳಿ ಹೂವಿನ ಸ್ನೇಕ್‌ರೂಟ್ ಗಿಡ ಮೇಯುತ್ತವೆ, ವಿಷ ಹಾಲಿಗಿಳಿಯುತ್ತದೆ, ಕುಡಿದವರಿಗೆ ನಡುಕ, ವಾಂತಿ, ಕೆಲವೇ ದಿನದಲ್ಲಿ ಸಾವು. ಆಗ ಕಾರಣ ತಿಳಿಯದು. ಹೆಂಡತಿಯ ಶವಪೆಟ್ಟಿಗೆಗೆ ತಾಮಸ್ ತಾನೇ ಹಲಗೆ ಹಾಕಿದ. ಮರುವರ್ಷ ಕೆಂಟಕಿಗೆ ಹೋಗಿ, ಮೂರು ಮಕ್ಕಳ ವಿಧವೆ ಸಾರಾ ಬುಷ್ ಜಾನ್‌ಸ್ಟನ್‌ಳನ್ನು ಮದುವೆಯಾಗಿ ಕರೆತಂದ. ಅಬ್ರಹಾಂನ ಓದಿನ ಹುಚ್ಚಿಗೆ ಒತ್ತಾಸೆಯಾದವಳು ಆಕೆ. ಅಪ್ಪ ಮಾತ್ರ ಹುಡುಗನನ್ನು ಕೂಲಿಗೆ ಕಳಿಸಿ ದುಡ್ಡನ್ನು ತಾನೇ ತೆಗೆದುಕೊಳ್ಳುತ್ತಿದ್ದ. ಆ ಕಾಲದ ರೂಢಿ ಅದು. ಮಗನಿಗೆ ಅದು ಕೊನೆಯವರೆಗೂ ಕಹಿಯಾಗಿಯೇ ಉಳಿದಿರಬೇಕು.

1830ರಲ್ಲಿ ಹಾಲಿನ ಕಾಯಿಲೆ ಮತ್ತೆ ಬಂತೆಂಬ ಸುದ್ದಿಗೆ ಹೆದರಿ ಇಂಡಿಯಾನಾದ ನೆಲ ಮಾರಿ ಇಲಿನಾಯ್‌ಗೆ ಗಾಡಿ ಹೂಡಿದರು. ಅಲ್ಲಿಯ ಗೂಸ್‌ನೆಸ್ಟ್ ಪ್ರೇರಿಯಲ್ಲಿ 1851ರ ಜನವರಿ 17ರಂದು ತಾಮಸ್ ಸತ್ತ. ಮಗ ನೋಡಲು ಹೋಗಲಿಲ್ಲ. ಈಗ ಭೇಟಿಯಾದರೆ ಸಂತೋಷಕ್ಕಿಂತ ನೋವೇ ಹೆಚ್ಚಾದೀತು ಎಂದು ಸಾರಾಳ ಮಗನಾದ ಮಲತಮ್ಮನಿಗೆ ಕಾಗದ ಬರೆದ. ಇದಕ್ಕೆ ನಾನು ತೀರ್ಪು ಕೊಡಲಾರೆ. ಆದರೆ 1841ರಲ್ಲೇ ಅಬ್ರಹಾಂ 200 ಡಾಲರಿಗೆ 40 ಎಕರೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು, ಅಪ್ಪ ಅಮ್ಮ ಬದುಕಿರುವವರೆಗೆ ಅನುಭವಿಸಲು ಬಿಟ್ಟಿದ್ದ ಎನ್ನುವ ಕಾಗದವೂ ಇದೆ.

ಅಪ್ಪ ಸತ್ತ ವರ್ಷವೇ ಮಲತಮ್ಮ ಇರುವುದನ್ನೆಲ್ಲ ಮಾರಿ ಮಿಸ್ಸೂರಿಗೆ ಹೋಗುವ ಮಾತೆತ್ತಿದ. ನವೆಂಬರಿನಲ್ಲಿ ಲಿಂಕನ್ನನಿಂದ ಖಾರವಾದ ಉತ್ತರ ಬಂತು: ಅಲ್ಲಿ ಹೋಗಿ ಇಲ್ಲಿಗಿಂತ ಹೆಚ್ಚೇನು ಮಾಡುತ್ತೀಯ, ಅಲ್ಲಿ ದುಡಿಯದೆ ಜೋಳ ಬೆಳೆಯುತ್ತದೆಯೇ, ಅಮ್ಮನಿಗಿಟ್ಟ 40 ಎಕರೆಯ ತಂಟೆಗೆ ಬರಬೇಡ. ಸಾರಾ 1869ರವರೆಗೆ ಬದುಕಿದಳು.