ತಡವಾದ ಸರಿಯುತ್ತರವೂ ತಪ್ಪೇ

ಜೆ.ಪಿ. ನಗರದ ಸಣ್ಣ ವರ್ಕ್‌ಶಾಪೊಂದರಲ್ಲಿ ಹಳೆಯ ಮಿಲ್ಲಿಂಗ್ ಯಂತ್ರವೊಂದು ಮೂಲೆ ಸೇರಿತ್ತು. ಅದರ ಎರಕದ ಮೈ ಇನ್ನೂ ಗಟ್ಟಿಯಾಗಿತ್ತು. ಕೆಟ್ಟದ್ದು ಕಂಟ್ರೋಲರ್ ಮಾತ್ರ. ಆ ಮಾದರಿ ಈಗ ಸಿಗುವುದಿಲ್ಲ, ಹೊಸ ಯಂತ್ರ ಕೊಳ್ಳುವ ಶಕ್ತಿ ಮಾಲೀಕರಿಗಿಲ್ಲ. ಅಂಗೈಯಗಲದ ಲಿನಕ್ಸ್ ಬೋರ್ಡು ಅಳವಡಿಸೋಣವೆಂದು ಅವರಿಗೆ ಧೈರ್ಯ ಹೇಳಿದವನು ನಾನು. ಮೊದಲ ಪ್ರಯತ್ನದಲ್ಲೇ ಮುಖಭಂಗವಾಯಿತು. ಬೋರ್ಡು ಮೆಮೊರಿ ಕಾರ್ಡಿಗೆ ಏನನ್ನೋ ಬರೆಯತೊಡಗಿದ ಕ್ಷಣ ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪಿ, ಅಲ್ಯೂಮಿನಿಯಂ ತುಂಡು ಹಾಳಾಯಿತು.

ತಪ್ಪು ಲಿನಕ್ಸಿನದಲ್ಲ. ಹಲವು ಕೆಲಸಗಳಿಗೆ ಸಮಯ ಹಂಚುವುದು ಅದರ ಧರ್ಮ. ಮೋಟಾರಿಗಾದರೋ ಪ್ರತಿಯೊಂದು ಪಲ್ಸ್ ನಿಗದಿತ ಗಳಿಗೆಗೇ ತಲುಪಬೇಕು. ವಿದ್ವಾಂಸರ ಕಛೇರಿಯಲ್ಲೂ ತಾಳ ಹಿಡಿಯುವ ಕೈ ಬೇರೆ ಯೋಚನೆಗೆ ಹೊರಳುವಂತಿಲ್ಲ.

2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ ಅಂಥ ಕೈಗಳಿವೆ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಚಿಪ್ಪು ಅದರಲ್ಲಿದೆ. 1 ಗಿಗಾಹರ್ಟ್ಸ್‌ನ ಮುಖ್ಯ ಪ್ರೊಸೆಸರಿನ ಜೊತೆಗೆ ‘ಪಿಆರ್‌ಯು’ ಎಂಬ ಎರಡು ಪುಟ್ಟ ಸಹಾಯಕ ಪ್ರೊಸೆಸರುಗಳು. ಅವುಗಳ ವೇಗ ಕೇವಲ 200 ಮೆಗಾಹರ್ಟ್ಸ್. ಪ್ರೋಗ್ರಾಮಿಗೆ ತಲಾ 8 ಕಿಲೋಬೈಟ್ ಜಾಗ. ಆದರೆ ಬಹುಪಾಲು ಆದೇಶಗಳು ಕರಾರುವಾಕ್ಕಾಗಿ 5 ನ್ಯಾನೊಸೆಕೆಂಡಿನಲ್ಲಿ ಮುಗಿಯುತ್ತವೆ. ವಹಿಸಿದ ಕೆಲಸದ ಹೊರತು ಅವುಗಳಿಗೆ ಬೇರೆ ಗೊಡವೆಯಿಲ್ಲ.

ಅವನ್ನು ತಲುಪುವ ಬಾಗಿಲು ಲಿನಕ್ಸಿನ ‘ರಿಮೋಟ್‌ಪ್ರಾಕ್’ ವ್ಯವಸ್ಥೆ. ಅದು ಪಿಆರ್‌ಯುವಿಗೆ ಪ್ರೋಗ್ರಾಮು ತುಂಬಿ ಚಾಲೂ ಮಾಡುತ್ತದೆ. ಬಳಿಕ ಇಬ್ಬರಿಗೂ ಸೇರಿದ ಮೆಮೊರಿಯಲ್ಲಿ ಲಿನಕ್ಸ್ ಮುಂದಿನ ಚಲನೆಗಳನ್ನು ಮುಂಚಿತವಾಗಿ ಬರೆದಿಡುತ್ತದೆ. ಪಿಆರ್‌ಯು ಒಂದೊಂದನ್ನೇ ಎತ್ತಿಕೊಂಡು ಪಲ್ಸ್ ಕಳುಹಿಸುತ್ತದೆ. ಲಿನಕ್ಸ್ ತುಸು ತಡಮಾಡಿದರೂ ಮೋಟಾರಿಗೆ ಅದು ತಿಳಿಯುವುದೇ ಇಲ್ಲ. ಬೋರ್ಡಿನ ಪಿನ್ನುಗಳನ್ನು ಪಿಆರ್‌ಯು ವಶಕ್ಕೆ ಒಪ್ಪಿಸಬೇಕೆಂಬುದನ್ನು ಮರೆತು ನಾನು ಎರಡು ಸಂಜೆ ಕಳೆದುಕೊಂಡೆ. ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಮಾತ್ರ ಯಾವ ಪ್ರೋಗ್ರಾಮಿಗೂ ಬಿಡದೆ, ಮೋಟಾರಿನ ವಿದ್ಯುತ್ತನ್ನೇ ಕಡಿಯುವಂತೆ ತಂತಿಯಲ್ಲಿ ಜೋಡಿಸಿದೆವು. ಬೆರಳುಗಳ ಪ್ರಶ್ನೆಯಲ್ಲಿ ಜಾಣತನ ಸಲ್ಲದು.

ಲಿನಕ್ಸ್ ಕೂಡ ಸುಮ್ಮನೆ ಕುಳಿತಿಲ್ಲ. ಸಮಯಪಾಲನೆಯನ್ನು ಬಿಗಿಗೊಳಿಸುವ ‘ಪ್ರಿಎಂಪ್ಟ್ ಆರ್‌ಟಿ’ ಸೌಲಭ್ಯ 2024ರಲ್ಲಿ ಅದರ ಮುಖ್ಯ ಆವೃತ್ತಿಯನ್ನೇ ಸೇರಿತು. ಆದರೂ ಅತಿಸೂಕ್ಷ್ಮ ಪಲ್ಸುಗಳಿಗೆ ಪ್ರತ್ಯೇಕ ಪ್ರೊಸೆಸರೇ ಲೇಸೆಂಬುದು ನನ್ನ ಅನುಭವ.

1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರಿದು. ನಮ್ಮ ಸಣ್ಣ ಶೆಡ್ಡುಗಳಲ್ಲಿ ಮೈ ಗಟ್ಟಿಯಾಗಿದ್ದೂ ಮಿದುಳು ಕೆಟ್ಟ ಇಂಥ ಯಂತ್ರಗಳು ಗುಜರಿಗೆ ಹೋಗಬೇಕಿಲ್ಲ. ಚಿಪ್ಪಿನ ಕೈಪಿಡಿ ಎಲ್ಲರಿಗೂ ತೆರೆದಿದೆ. ಪ್ರೋಗ್ರಾಮಿನ ಉತ್ತರ ಸರಿಯಿದ್ದರೆ ಅಂಕ ಕೊಡುವ ನಾವು, ತಡವಾಗಿ ಬಂದ ಸರಿಯುತ್ತರವೂ ತಪ್ಪೇ ಎಂದು ವಿದ್ಯಾರ್ಥಿಗಳಿಗೆ ಕಲಿಸಬೇಕು. ಆ ಪಾಠವನ್ನು ನನಗೆ ಕಲಿಸಿದ್ದು ಹಾಳಾದ ಆ ಅಲ್ಯೂಮಿನಿಯಂ ತುಂಡು. ಅದನ್ನು ಮಾಲೀಕರು ಯಂತ್ರದ ಮೇಲೆಯೇ ಇಟ್ಟುಕೊಂಡಿದ್ದಾರೆ. ಕೆಳಗೆ ಯಂತ್ರ ಓಡುತ್ತಿದೆ.