ಬೂಸಾ ಮಾತಿಗೆ ತೆತ್ತ ಬೆಲೆ

ಡಂಬಳದ ರೈತರ ಮನೆಗಳಲ್ಲಿ ಬೂಸಾ ಎಂಬ ಮಾತಿಗೆ ಯಾರೂ ಸಿಡಿಮಿಡಿಗೊಳ್ಳುವುದಿಲ್ಲ. ಗೋಧಿಯ ಹೊಟ್ಟು ಅದು. ನೀರಿನಲ್ಲಿ ಕಲಸಿ ಎಮ್ಮೆಯ ಮುಂದಿಟ್ಟರೆ ಹಾಲು ನಾಲ್ಕು ತೊಟ್ಟು ಹೆಚ್ಚೀತು. ಆದರೆ 1973ರಲ್ಲಿ ಇದೇ ಮಾತು ಮಂತ್ರಿಯೊಬ್ಬರ ಪದವಿಯನ್ನೇ ಕಿತ್ತುಕೊಂಡಿತು.

ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ದಲಿತ ಕುಲದಲ್ಲಿ ಹುಟ್ಟಿ ವಕೀಲರಾದವರು. ಪೌರಾಡಳಿತದ ಹೊಣೆ ಹೊತ್ತಾಗ, ತಲೆಯ ಮೇಲೆ ಮಲ ಹೊರಿಸುವ ಅನಿಷ್ಟ ಪದ್ಧತಿಯನ್ನು ನಿಷೇಧಿಸಿದರು. ಅಂಥ ಕಾರ್ಯಕ್ಕೆ ಎದುರಾಡುವುದು ಸಭ್ಯರಿಗೆ ಕಷ್ಟ. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು; ದಲಿತರು ಇಂಗ್ಲಿಷ್ ಕಲಿಯಬೇಕೆಂದರು. ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು; ಮಂತ್ರಿಗಳ ಪರ ನಿಂತ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಕುವೆಂಪು ಅವರೇ ಆ ಮಾತನ್ನು ಸಮರ್ಥಿಸಿದರೂ ಬಿರುಗಾಳಿ ತಣಿಯಲಿಲ್ಲ. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು.

ಹಿಂದಿನವರ ಸಾಹಿತ್ಯವನ್ನು ಹಳಿದವರು ಅವರೊಬ್ಬರೇ ಅಲ್ಲ. ನವ್ಯರು ನವೋದಯದವರನ್ನು ಜರೆದಾಗ ಬೀದಿಯಲ್ಲಿ ಕಲ್ಲು ತೂರಿದವರಿಲ್ಲ. ನವ್ಯರು ಮಂತ್ರಿಗಳಾಗಿರಲಿಲ್ಲ, ನಿಜ. ಆದರೆ ಮೇಲೇರಿದ ದಲಿತನಿಂದ ಸಮಾಜ ಬಯಸುವುದು ಕೃತಜ್ಞತೆಯನ್ನು, ವಿಮರ್ಶೆಯನ್ನಲ್ಲ ಎಂಬುದೂ ಅಷ್ಟೇ ನಿಜ.

ಈ ನಿರೀಕ್ಷೆಗೆ ಚುನಾವಣೆಯ ಕಟ್ಟಳೆಯೂ ನೀರೆರೆದಿದೆ. 1932ರಲ್ಲಿ ಬ್ರಿಟಿಷ್ ಸರ್ಕಾರವು ಅಸ್ಪೃಶ್ಯರಿಗೆ ಪ್ರತ್ಯೇಕ ಮತದಾರ ವರ್ಗವನ್ನು ಘೋಷಿಸಿತ್ತು. ಗಾಂಧೀಜಿಯವರ ಉಪವಾಸದ ತರುವಾಯ ಆದ ಪುಣೆ ಒಪ್ಪಂದದಿಂದ ಅವರ ಸ್ಥಾನಗಳು 71ರಿಂದ 148ಕ್ಕೆ ಏರಿದವು. ಆದರೆ ಕೊನೆಗೆ ಆರಿಸುವವರು ಎಲ್ಲ ಜಾತಿಯವರೂ ಆದರು. ಅಂಬೇಡ್ಕರರ ಕೊರಗು ಇದೇ ಆಗಿತ್ತು. ಡಂಬಳದ ನೆರೆಯ ಶಿರಹಟ್ಟಿ ವಿಧಾನಸಭಾ ಕ್ಷೇತ್ರ 2008ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಂಥ ಕಡೆ ಅಭ್ಯರ್ಥಿ ಕೇರಿಯವನೋ ತಾಂಡಾದವನೋ ಇದ್ದಾನು; ಗೆಲ್ಲಿಸುವ ಮತಗಳಲ್ಲಿ ಬಹುಪಾಲು ಊರಿನವು. ಊರನ್ನು ನೋಯಿಸುವ ಮಾತು ಅವನ ನಾಲಿಗೆಗೆ ಸುಲಭವಾಗಿ ಬಾರದು.

ಬಸವಲಿಂಗಪ್ಪನವರಿಗೆ ಬಂದಿತು. ಗಲಭೆಯಲ್ಲಿ ಪೆಟ್ಟು ತಿಂದ ತಲೆಮಾರಿನ ದಲಿತ ತರುಣರು ಆ ದಶಕದಲ್ಲಿಯೇ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಇಂಗ್ಲಿಷ್ ಕಲಿಯಿರೆಂಬ ಹಿತವಚನವನ್ನು ಕೇಳಿದ್ದರೂ ಅವರು ಬರೆದದ್ದು ಕನ್ನಡದಲ್ಲಿಯೇ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಹೊರಬಂದಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.